ಹಳೆಯ ತೋಟದ ಮನೆಗೆ ಹೊಸದೊಂದು ಅಂಕಣ

ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳ ಅಂಚಿನಲ್ಲಿರುವ ಹಳೆಯ ಮನೆಗಳಲ್ಲಿ ಬಹುಪಾಲು ಮಣ್ಣಿನ ಅಥವಾ ಚಿರೆಕಲ್ಲಿನ ಗೋಡೆ, ಮರದ ತೊಲೆ-ಪಕಾಸು ಮತ್ತು ಮಂಗಳೂರು ಹೆಂಚಿನ ಮಾಡು ಇರುವಂಥವು. ಅವುಗಳಲ್ಲಿ ವಾಸಿಸುವ ಕುಟುಂಬಗಳ ಅಗತ್ಯ ಮಾತ್ರ ಎರಡು ತಲೆಮಾರುಗಳಲ್ಲಿ ಬಹಳ ಬದಲಾಗಿದೆ: ಮಂಡಿನೋವಿನ ಹಿರಿಯರಿಗೆ ರಾತ್ರಿ ಹಿತ್ತಲಿಗೆ ಹೋಗದೆ ಬಳಸಬಹುದಾದ ಬಚ್ಚಲು-ಶೌಚಾಲಯ ಬೇಕು, ನಗರದಿಂದ ಮರಳಿ ಬಂದು ಊರಿನಿಂದಲೇ ಕೆಲಸ ಮಾಡುವ ಮಕ್ಕಳಿಗೆ ಬೆಳಕು-ಗಾಳಿ ಚೆನ್ನಾಗಿರುವ ಕೋಣೆ ಬೇಕು. ಇದಕ್ಕೆ ಸಾಮಾನ್ಯವಾಗಿ ಹಿಡಿಯುವ ದಾರಿ ಎರಡು. ಇಡೀ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟುವುದು ಒಂದು, ಹಿಂಬದಿಯ ಗೋಡೆಗೆ ಕಾಂಕ್ರೀಟಿನ ಕೋಣೆಯೊಂದನ್ನು ಅಂಟಿಸುವುದು ಇನ್ನೊಂದು. ಹಳೆಯ ಮನೆಯ ಸ್ವಭಾವವನ್ನು ಅರಿತು, ಅದರ ಸಾಮಗ್ರಿಗೆ ಹೊಂದುವ ಸಾಮಗ್ರಿಯಲ್ಲಿ, ಅದಕ್ಕೆ ಕೇಡಾಗದಂತೆ ಒಂದೆರಡು ಅಂಕಣಗಳನ್ನು ಸೇರಿಸುವುದು ಮೂರನೆಯ ದಾರಿ. ಪರಿಸರದ ದೃಷ್ಟಿಯಿಂದಲೂ ಬಾಳಿಕೆಯ ದೃಷ್ಟಿಯಿಂದಲೂ ಇದೇ ಮೇಲು.

ಕಟ್ಟಡವೊಂದು ಪರಿಸರದ ಮೇಲೆ ಹೊರಿಸುವ ಭಾರವನ್ನು ಅಳೆಯುವ ಮಾನಗಳಲ್ಲಿ ‘ಅಂತರ್ಗತ ಶಕ್ತಿ’ ಮುಖ್ಯವಾದುದು. ಸಾಮಗ್ರಿಯನ್ನು ನೆಲದಿಂದ ಅಗೆದು, ಸುಟ್ಟು ಅಥವಾ ಸಂಸ್ಕರಿಸಿ, ಬಳಕೆಗೆ ಸಿದ್ಧಪಡಿಸುವಷ್ಟರಲ್ಲಿ ವ್ಯಯವಾಗುವ ಒಟ್ಟು ಶಕ್ತಿಗೆ ಈ ಹೆಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ. ವಿ. ವೆಂಕಟರಾಮ ರೆಡ್ಡಿ ಮತ್ತು ಕೆ. ಎಸ್. ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಂದು ಘನ ಮೀಟರ್ ಸುಟ್ಟ ಇಟ್ಟಿಗೆಯ ಗೋಡೆಗೆ ಸುಮಾರು 2,140 ಮೆಗಾಜೂಲ್ ಶಕ್ತಿ ಬೇಕಾದರೆ, ಶೇ. 6ರಷ್ಟು ಸಿಮೆಂಟ್ ಬೆರೆಸಿದ ಒತ್ತು ಮಣ್ಣಿನ ಇಟ್ಟಿಗೆಯ ಗೋಡೆಗೆ 650ರಷ್ಟು ಸಾಕು. ಒಂದು ಚದರ ಮೀಟರ್ ಕಾಂಕ್ರೀಟ್ ತಾರಸಿಗೆ 730 ಮೆಗಾಜೂಲ್ ಹಿಡಿದರೆ ಮಂಗಳೂರು ಹೆಂಚಿನ ಮಾಡಿಗೆ 227 ಹಿಡಿಯುತ್ತದೆ. ಈ ಲೆಕ್ಕದಲ್ಲಿ ಈಗಾಗಲೇ ನಿಂತಿರುವ ಗೋಡೆ ಮತ್ತು ಮಾಡುಗಳ ಹೊಸ ಖರ್ಚು ಸೊನ್ನೆ. ಆದ್ದರಿಂದ ಹೊಸ ಕೋಣೆಗೆ ಎಷ್ಟೇ ಒಳ್ಳೆಯ ಸಾಮಗ್ರಿ ಬಳಸಿದರೂ, ಅದನ್ನು ಕೂಡಿಸಿದ ರೀತಿಯಿಂದಾಗಿ ಹಳೆಯ ಗೋಡೆಗೆ ನೀರಿಳಿದು ಮೂಲ ಮನೆಯೇ ಶಿಥಿಲವಾದರೆ ಆ ಉಳಿತಾಯವೆಲ್ಲ ವ್ಯರ್ಥ. ಹೊಸತು ಹಳೆಯದನ್ನು ಕೂಡುವ ಜಾಗದಲ್ಲಿಯೇ ಇಂಥ ಕಟ್ಟಡದ ಪರಿಸರಸ್ನೇಹ ನಿರ್ಧಾರವಾಗುತ್ತದೆ, ಮತ್ತು ಅತ್ಯಂತ ಕಡಿಮೆ ಯೋಚನೆ ನಡೆಯುವುದೂ ಆ ಜಾಗದ ಬಗ್ಗೆಯೇ.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ಪೂರ್ತಿ ಮಳೆಗಾಲ ಹಳೆಯ ಮನೆಯನ್ನು ಗಮನಿಸುವುದು ಅವಶ್ಯಕ. ಯಾವ ಗೋಡೆಗೆ ಎರಚಲು, ಅಂದರೆ ಗಾಳಿಯೊಡನೆ ಓರೆಯಾಗಿ ಬಡಿಯುವ ಮಳೆ, ಹೆಚ್ಚು ಬೀಳುತ್ತದೆ, ಸೂರಿನ ನೀರು ಎಲ್ಲಿ ಬಿದ್ದು ಎತ್ತ ಹರಿಯುತ್ತದೆ, ಗೋಡೆಯ ಬುಡದಲ್ಲಿ ತೇವ ಎಷ್ಟು ಎತ್ತರಕ್ಕೆ ಏರುತ್ತದೆ, ಒರಲೆ ಹುಳುವಿನ ಸಾಲು ಎಲ್ಲಿಂದ ಹೊರಡುತ್ತದೆ ಎಂಬುದನ್ನು ಗುರುತು ಮಾಡಿಟ್ಟುಕೊಂಡರೆ ಹೊಸ ಕೋಣೆಯ ಜಾಗ ತಾನಾಗಿಯೇ ಗೊತ್ತಾಗುತ್ತದೆ. ನೈರುತ್ಯ ಮುಂಗಾರಿನ ಹೊಡೆತ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ ಹೆಚ್ಚಾದುದರಿಂದಲೇ ಹಿಂದಿನವರು ಮಳೆಗಾಲಕ್ಕೆ ಮುನ್ನ ಆ ಬದಿಗೆ ಅಡಿಕೆ ಸೋಗೆಯ ಅಥವಾ ತೆಂಗಿನ ಗರಿಯ ತಟ್ಟಿ ಕಟ್ಟುತ್ತಿದ್ದರು. ಮಲಗುವ ಕೋಣೆಯನ್ನು ಪೂರ್ವ ಅಥವಾ ಉತ್ತರಕ್ಕೆ ಇಟ್ಟರೆ ಬೇಸಿಗೆಯ ಸಂಜೆಯ ಬಿಸಿಲೂ ಮಳೆಗಾಲದ ಎರಚಲೂ ತಪ್ಪುತ್ತವೆ. ಪಶ್ಚಿಮಕ್ಕೇ ಕಟ್ಟಬೇಕಾಗಿ ಬಂದಲ್ಲಿ, ಆ ಬದಿಗೆ ಅಗಲವಾದ ಜಗಲಿಯನ್ನೋ ಉಗ್ರಾಣವನ್ನೋ ಇಟ್ಟು, ವಾಸದ ಕೋಣೆಯನ್ನು ಅದರ ಹಿಂದೆ ಇಡಬಹುದು. ಆಗ ಹಳೆಯ ಮಣ್ಣಿನ ಗೋಡೆಗೂ ಹೊಸ ಕಟ್ಟಡದ ಮರೆ ಸಿಗುತ್ತದೆ.

ಕೂಡುವಿಕೆಯ ಮೊದಲ ಪ್ರಶ್ನೆ ನೆಲದೊಳಗಿನದು. ಹಳೆಯ ಗೋಡೆಯ ಕೆಳಗಿನ ನೆಲ ಹಲವು ದಶಕಗಳ ಭಾರದಿಂದ ಅದುಮಿ ಗಟ್ಟಿಯಾಗಿರುತ್ತದೆ, ಹೊಸ ಅಡಿಪಾಯವಾದರೋ ಮೊದಲ ಕೆಲವು ವರ್ಷಗಳಲ್ಲಿ ಅಷ್ಟಿಷ್ಟು ಕುಸಿಯುವುದು ಸಹಜ. ಎರಡನ್ನೂ ಗಟ್ಟಿಯಾಗಿ ಬೆಸೆದರೆ ಆ ಕುಸಿತವು ದುರ್ಬಲವಾದ ಕಡೆ, ಅಂದರೆ ಹಳೆಯ ಗೋಡೆಯಲ್ಲಿ, ಬಿರುಕಾಗಿ ಹೊರಬೀಳುತ್ತದೆ. ಆದ್ದರಿಂದ ಹೊಸ ಕೋಣೆ ತನ್ನ ನಾಲ್ಕೂ ಗೋಡೆಗಳ ಮೇಲೆ ತಾನೇ ನಿಲ್ಲಬೇಕೇ ಹೊರತು ಹಳೆಯ ಗೋಡೆಗೆ ತೊಲೆಯನ್ನು ಊರಬಾರದು. ಎರಡರ ನಡುವೆ ಸುಮಾರು ಒಂದು ಅಂಗುಲದ ಸಂದು ಬಿಟ್ಟು, ಅದನ್ನು ತೆಂಗಿನ ನಾರಿನಂಥ ಮೆದು ವಸ್ತುವಿನಿಂದ ತುಂಬಿ, ಮೇಲೆ ಒಂದೇ ಬದಿಗೆ ಮೊಳೆ ಹೊಡೆದ ಮರದ ಪಟ್ಟಿಯಿಂದ ಮುಚ್ಚಿದರೆ, ಎರಡೂ ಕಟ್ಟಡಗಳು ತಮ್ಮ ಪಾಡಿಗೆ ಅಲುಗಾಡಲು ಅವಕಾಶವಿರುತ್ತದೆ. ಅಡಿಪಾಯದ ಕಾಲುವೆಯನ್ನು ಹಳೆಯ ಗೋಡೆಯ ಪಕ್ಕದಲ್ಲಿ ಹಳೆಯ ಪಂಚಾಂಗದ ತಳಕ್ಕಿಂತ ಆಳವಾಗಿ ಅಗೆಯುವುದು ಅಪಾಯಕರ; ಜೆಸಿಬಿ ಯಂತ್ರ ಒಂದೇ ದಿನದಲ್ಲಿ ಉದ್ದಕ್ಕೂ ಅಗೆದುಬಿಡುವುದರಿಂದ ಈ ಭಾಗದ ಕೆಲಸವನ್ನು ಕೈಯಿಂದಲೇ, ಒಂದೊಂದು ತುಂಡಾಗಿ ಅಗೆದು ಕಲ್ಲು ಕಟ್ಟುತ್ತ ಮಾಡಿಸಬೇಕು.

ಎರಡನೆಯ ಪ್ರಶ್ನೆ ಮಾಡಿನದು. ವರ್ಷಕ್ಕೆ 3,000 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಮಳೆ ಸುರಿಯುವ ಸೀಮೆಯಲ್ಲಿ ಇದಕ್ಕಿಂತ ಹೆಚ್ಚಿನ ಗಮನ ಬೇಡುವ ಸಂಗತಿ ಬೇರೊಂದಿಲ್ಲ. ಹಳೆಯ ಮಾಡಿಗೆ ಅಡ್ಡಲಾಗಿ ಹೊಸ ಮಾಡನ್ನು ಕೂಡಿಸಿದರೆ ಎರಡು ಇಳಿಜಾರುಗಳು ಸೇರುವಲ್ಲಿ ಒಂದು ತಗ್ಗು ಉಂಟಾಗಿ, ಎರಡೂ ಬದಿಯ ನೀರು ಅಲ್ಲಿಯೇ ಹರಿಯುತ್ತದೆ. ಅಡಿಕೆ ಸೋಗೆ, ತರಗೆಲೆ, ಪಾಚಿಗಳು ಅಲ್ಲಿ ಕಟ್ಟಿಕೊಂಡು ನೀರು ಹೆಂಚಿನಡಿಗೆ ನುಗ್ಗುತ್ತದೆ, ಮತ್ತು ಕೆಳಗಿರುವುದು ಸರಿಯಾಗಿ ಹಳೆಯ ಮಣ್ಣಿನ ಗೋಡೆಯ ತಲೆ. ಅನಿವಾರ್ಯವಾದಲ್ಲಿ ಈ ತಗ್ಗಿಗೆ ಎರಡೂ ಬದಿ ಹೆಂಚಿನಡಿಗೆ ಗೇಣಿಗೂ ಹೆಚ್ಚು ಒಳಹೋಗುವಷ್ಟು ಅಗಲದ ತಗಡಿನ ದೋಣಿಯನ್ನು ಹಾಕಿಸಿ, ಮಳೆಗಾಲದಲ್ಲಿ ಅದನ್ನು ಮತ್ತೆ ಮತ್ತೆ ಗುಡಿಸುವ ಸೌಕರ್ಯ ಇಟ್ಟುಕೊಳ್ಳಬೇಕು. ಹಳೆಯ ಇಳಿಜಾರನ್ನೇ ಕೆಳಕ್ಕೆ ಮುಂದುವರಿಸುವುದು ಸುಲಭವಾಗಿ ತೋರಿದರೂ, ಹಳೆಯ ಮನೆಗಳ ಸೂರು ಸಾಮಾನ್ಯವಾಗಿ ಆಳೆತ್ತರಕ್ಕೆ ಇಳಿದಿರುವುದರಿಂದ ಹೊಸ ಕೋಣೆ ತಲೆ ತಾಗುವಷ್ಟು ಗಿಡ್ಡಾಗುತ್ತದೆ. ಎತ್ತರಕ್ಕಾಗಿ ಇಳಿಜಾರನ್ನು ಕಡಿಮೆ ಮಾಡಿದರೆ ಹೆಂಚು ಸೋರುತ್ತದೆ. ಮಂಗಳೂರು ಹೆಂಚಿಗೆ 30 ಡಿಗ್ರಿಯ ಆಸುಪಾಸಿನ ಇಳಿಜಾರು ಇರಲೇಬೇಕು.

ಬಹುತೇಕ ಸಂದರ್ಭಗಳಲ್ಲಿ ಹೊಂದುವ ಪರಿಹಾರವೆಂದರೆ ಹೊಸ ಕೋಣೆಯನ್ನು ಐದಾರು ಅಡಿ ದೂರಕ್ಕೆ ಸರಿಸಿ, ತನ್ನದೇ ಆದ ಎರಡು ಇಳಿಜಾರಿನ ಮಾಡಿನೊಡನೆ ಕಟ್ಟಿ, ನಡುವೆ ಒಂದು ಸಣ್ಣ ಓಣಿಯನ್ನು ಬಿಡುವುದು. ಓಣಿಯ ತಗ್ಗಾದ ಮಾಡು ಎರಡೂ ಸೂರುಗಳ ಅಡಿಯಲ್ಲಿ ತೂರಿ ಕುಳಿತರೆ ಮೇಲಿನ ನೀರು ಅದರ ಮೇಲೆ ಬಿದ್ದು ಹೊರಕ್ಕೆ ಜಾರುತ್ತದೆ, ಯಾವ ಗೋಡೆಯ ತಲೆಯೂ ನೆನೆಯುವುದಿಲ್ಲ. ಸೂರು ಗಿಡ್ಡಾಗಿದ್ದಲ್ಲಿ ಓಣಿಯ ನೆಲವನ್ನು ಎರಡು ಮೆಟ್ಟಿಲು ಇಳಿಸುವ ಬದಲು, ಹಿರಿಯರ ಅನುಕೂಲಕ್ಕಾಗಿ, ಸೂರಿನ ಒಂದೆರಡು ಸಾಲು ಹೆಂಚನ್ನು ಅಷ್ಟು ಅಗಲಕ್ಕೆ ಮಾತ್ರ ತೆಗೆದು ಎತ್ತರ ಹೊಂದಿಸಬಹುದು. ಈ ಓಣಿಗೆ ಎರಡೂ ಬದಿ ಮರದ ಜಾಲರಿ ಇಟ್ಟರೆ ಹಳೆಯ ಮನೆಯ ನಡುಮನೆಗೆ ಗಾಳಿಯ ದಾರಿಯೂ ತೆರೆದಿರುತ್ತದೆ. ಹಳೆಯ ಗೋಡೆಗೆ ನೇರವಾಗಿ ಕೋಣೆ ಅಂಟಿಸಿದಾಗ ಆ ಗೋಡೆಯ ಕಿಟಕಿಗಳೆಲ್ಲ ಮುಚ್ಚಿಹೋಗಿ ಒಳಮನೆ ಕತ್ತಲಾಗುವುದು ಬಹಳ ಕಡೆ ಕಾಣುವ ದೋಷ, ಮತ್ತು ಆ ಕತ್ತಲೆಯ ದಂಡವನ್ನು ಹಗಲಿಡೀ ಉರಿಯುವ ದೀಪಗಳ ರೂಪದಲ್ಲಿ ತೆರಬೇಕಾಗುತ್ತದೆ.

ಗೋಡೆಗೆ ಏನು ಬಳಸಬೇಕೆಂಬುದು ಊರಿನ ನೆಲವನ್ನು ಅವಲಂಬಿಸಿದ ವಿಷಯ. ಚಿರೆಕಲ್ಲಿನ ಪಣೆ ಹತ್ತಿರವಿರುವಲ್ಲಿ ಚಿರೆಕಲ್ಲೇ ಸರಿ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸದ ವರದಿಯಲ್ಲಿ ಮಲಬಾರಿನ ಜನ ಇದನ್ನು ನೆಲದಿಂದ ಮೆದುವಾಗಿರುವಾಗಲೇ ಕಡಿದು ತೆಗೆದು, ಗಾಳಿಗೆ ಗಟ್ಟಿಯಾದ ಮೇಲೆ ಕಟ್ಟುವುದನ್ನು ವಿವರಿಸಿದ್ದ, ಮತ್ತು ಇದನ್ನು ಸುಡುವ ಅಗತ್ಯವಿಲ್ಲವೆಂಬುದೇ ಇಂದಿಗೂ ಇದರ ಹಿರಿಮೆ. ಪಣೆ ದೂರವಿದ್ದು ಲಾರಿಯ ಬಾಡಿಗೆ ಹೆಚ್ಚಾಗುವಲ್ಲಿ ಒತ್ತು ಮಣ್ಣಿನ ಇಟ್ಟಿಗೆ ಒಳ್ಳೆಯದು. 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೊಳಗೆ ಆರಂಭವಾದ ‘ಅಸ್ತ್ರ’ ಕೇಂದ್ರದಲ್ಲಿ ಈ ಇಟ್ಟಿಗೆಯ ಬಗ್ಗೆ ದಶಕಗಳ ಕೆಲಸ ನಡೆದಿದೆ. ಭಾರತೀಯ ಮಾನಕ ಸಂಖ್ಯೆ 1725 ಇದಕ್ಕೆಂದೇ ಇದೆ. ಜರಡಿ ಹಿಡಿದ ಮಣ್ಣಿಗೆ ಶೇ. 6ರಿಂದ 8ರಷ್ಟು ಸಿಮೆಂಟನ್ನು ಒಣದಾಗಿ ಬೆರೆಸಿ, ಶೇ. 10ರ ಆಸುಪಾಸಿನಷ್ಟು ನೀರು ಚಿಮುಕಿಸಿ, ಕೈಯಂತ್ರದಲ್ಲಿ ಒತ್ತಿ, ನೆರಳಿನಲ್ಲಿ ಪೇರಿಸಿ, ಹುಲ್ಲು ಹೊದೆಸಿ, ಮೂರು-ನಾಲ್ಕು ವಾರ ನೀರುಣಿಸಿದರೆ ಒಂದಂತಸ್ತಿನ ಮನೆಯ ಭಾರವನ್ನು ನಿರಾಯಾಸವಾಗಿ ಹೊರುವ ಇಟ್ಟಿಗೆ ಸಿದ್ಧವಾಗುತ್ತದೆ.

ಎಲ್ಲವೂ ಮಣ್ಣಿನ ಆಯ್ಕೆಯ ಮೇಲೆ ನಿಂತಿದೆ. ಮೇಲಿನ ಒಂದು-ಒಂದೂವರೆ ಅಡಿಯ ಮಣ್ಣಿನಲ್ಲಿ ಬೇರು, ಕೊಳೆತ ಎಲೆ ಇರುವುದರಿಂದ ಅದನ್ನು ಬೇರೆಯಾಗಿ ತೆಗೆದು ತೋಟಕ್ಕೆ ಹಾಕಿ, ಅದರಡಿಯ ಮಣ್ಣನ್ನು ಪರೀಕ್ಷಿಸಬೇಕು. ಗಾಜಿನ ಬಾಟಲಿಯೊಂದರಲ್ಲಿ ಮೂರನೇ ಒಂದು ಭಾಗ ಮಣ್ಣು, ಚಿಟಿಕೆ ಉಪ್ಪು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ ಇಟ್ಟರೆ ಒಂದೇ ನಿಮಿಷದಲ್ಲಿ ಮರಳು ತಳ ಸೇರುತ್ತದೆ, ಅದರ ಮೇಲೆ ನುಣುಪಾದ ಗೋಡು ನಿಧಾನವಾಗಿ ಕೂರುತ್ತದೆ, ಜೇಡಿ ಮಾತ್ರ ಮರುದಿನದವರೆಗೂ ನೀರನ್ನು ಕದಡಿಟ್ಟು ಕೊನೆಗೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಜೇಡಿಯ ಪಾಲು ಶೇ. 10ರಿಂದ 15ರಷ್ಟಿದ್ದರೆ ಮಣ್ಣು ಹದವಾದುದು; ಹೆಚ್ಚಿದ್ದರೆ ಮರಳನ್ನೋ, ಕಲ್ಲು ಕೋರೆಯ ಪುಡಿಯನ್ನೋ ಬೆರೆಸಿ ತಗ್ಗಿಸಬೇಕು. ಎರೆಮಣ್ಣು ಮಾತ್ರ ಈ ಕೆಲಸಕ್ಕೆ ಒಗ್ಗದು, ಅದು ನೀರಿಗೆ ಉಬ್ಬಿ ಒಣಗಿದಾಗ ಬಿರಿಯುತ್ತದೆ. ಹನ್ನೆರಡು ಅಡಿಗೆ ಹದಿನಾಲ್ಕು ಅಡಿಯ ಕೋಣೆಗೆ, 230 ಮಿಲಿಮೀಟರ್ ಉದ್ದ, 190 ಅಗಲ, 100 ಎತ್ತರದ ಇಟ್ಟಿಗೆಯಾದರೆ, ಬಾಗಿಲು-ಕಿಟಕಿ ಕಳೆದು ಸುಮಾರು 1,600 ಬೇಕಾಗುತ್ತವೆ. ಇವಕ್ಕೆ ಹಿಡಿಯುವ ಸಿಮೆಂಟು 18 ಚೀಲದಷ್ಟು, ಮಣ್ಣು ಏಳೆಂಟು ಘನ ಮೀಟರಿನಷ್ಟು. ಈ ಮಣ್ಣನ್ನು ಅಂಗಳದ ಮೇಲ್ಬದಿಯ ಸೂಕ್ತ ಜಾಗದಲ್ಲಿ ತೆಗೆದರೆ ಆ ಗುಂಡಿಯೇ ಮುಂದೆ ಮಳೆನೀರಿನ ಇಂಗುಗುಂಡಿಯಾಗುತ್ತದೆ.

ಹಳೆಯ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸುವ ರೂಢಿಯನ್ನು ಇಲ್ಲಿ ಸ್ಪಷ್ಟವಾಗಿ ವಿರೋಧಿಸಬೇಕಾಗಿದೆ. ಮಣ್ಣಿನ ಗೋಡೆ ಮಳೆಗಾಲದಲ್ಲಿ ನೆಲದಿಂದಲೂ ಗಾಳಿಯಿಂದಲೂ ತೇವವನ್ನು ಹೀರಿ ಬಿಸಿಲುಗಾಲದಲ್ಲಿ ಬಿಟ್ಟುಕೊಡುತ್ತದೆ. ಸಿಮೆಂಟಿನ ಬಿಗಿಯಾದ ಪದರ ಆ ದಾರಿಯನ್ನು ಮುಚ್ಚುವುದರಿಂದ ತೇವ ಒಳಗೇ ಉಳಿದು, ಮಣ್ಣು ಮೆತ್ತಗಾಗಿ, ಕೆಲವೇ ವರ್ಷಗಳಲ್ಲಿ ಗಿಲಾವು ಮಣ್ಣನ್ನೂ ಕಿತ್ತುಕೊಂಡು ಹಾಳೆಹಾಳೆಯಾಗಿ ಬೀಳುತ್ತದೆ. ಸುಣ್ಣದ ಗಾರೆ ಹಾಗಲ್ಲ. ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಸುಟ್ಟು, ನೀರಿನಲ್ಲಿ ಅರಳಿಸಿ, ವಾರಗಟ್ಟಲೆ ಕೊಳೆಹಾಕಿ, ಮರಳಿನೊಡನೆ ಅರೆದು ಬಳಿದ ಈ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ಮತ್ತೆ ಕಲ್ಲಾಗುತ್ತದೆ, ಆದರೆ ತೇವಕ್ಕೆ ಹೊರದಾರಿಯನ್ನು ಬಿಟ್ಟಿರುತ್ತದೆ. ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ ಬಚ್ಚಲಿನ ಬದಿಗೂ ತಾಳಿಕೊಳ್ಳುತ್ತದೆ. ಬೆಲ್ಲದ ನೀರು ಮತ್ತು ಅಳಲೆಕಾಯಿ ರಸವನ್ನು ಸೇರಿಸುವ ಹಳೆಯ ಪದ್ಧತಿಯನ್ನು ಬಲ್ಲ ಕೆಲಸಗಾರರು ಈಗ ವಿರಳ, ಸಿಕ್ಕಲ್ಲಿ ಅವರೊಡನೆ ಊರಿನ ಒಬ್ಬ ಯುವ ಗಾರೆ ಕೆಲಸದವನನ್ನು ನಿಲ್ಲಿಸಿ ಕಲಿಸುವುದು ಆ ಊರಿನ ಎಲ್ಲ ಹಳೆಯ ಮನೆಗಳಿಗೂ ಮಾಡಿದ ಉಪಕಾರ.

ಬಾಸೆಲ್ ಮಿಷನ್‌ನವರು 19ನೆಯ ಶತಮಾನದ ಅರವತ್ತರ ದಶಕದಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಕರಾವಳಿಯಿಡೀ ಹಬ್ಬಿ ಈಗ ಬಹಳಷ್ಟು ಕುಗ್ಗಿದೆ, ಆದರೆ ಕೆಡವಿದ ಮನೆಗಳ ಹೆಂಚು ಮತ್ತು ಮರ ಧಾರಾಳವಾಗಿ ಮಾರಾಟಕ್ಕಿದೆ. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ಹಳೆಯ ಹೆಂಚನ್ನು ಕೊಳ್ಳುವಾಗ ಒಂದನ್ನು ಕೈಯಲ್ಲಿ ತೂಗುಬಿಟ್ಟು ಗೆಣ್ಣಿನಿಂದ ತಟ್ಟಿ ನೋಡಬೇಕು. ಕಂಚಿನಂತೆ ನಾದ ಹೊಮ್ಮಿದರೆ ಅದು ಗಟ್ಟಿ, ಮಂಕಾದ ಸದ್ದಿಗೆ ಒಳಗೆ ಸೀಳು ಇದೆಯೆಂದರ್ಥ. ಹೆಂಚಿನ ಮೇಲೆ ಒತ್ತಿರುವ ಕಾರ್ಖಾನೆಯ ಮುದ್ರೆಯನ್ನು ನೋಡಿ ವಿಂಗಡಿಸುವುದು ಇನ್ನೂ ಮುಖ್ಯ. ಒಂದು ಕಾರ್ಖಾನೆಯ ಹೆಂಚಿನ ಏಣು ಇನ್ನೊಂದರ ತೋಡಿನಲ್ಲಿ ಸರಿಯಾಗಿ ಕೂರುವುದಿಲ್ಲ, ನೂಲಿನಷ್ಟು ಸಂದು ಉಳಿದರೂ ಆಷಾಢದ ಗಾಳಿಮಳೆ ಒಳನುಗ್ಗುತ್ತದೆ. ಬೇರೆ ಬೇರೆ ಮುದ್ರೆಯವು ಬೆರೆತಿದ್ದರೆ ಒಂದು ಇಳಿಜಾರಿಗೆ ಒಂದೇ ಬಗೆಯದನ್ನು ಹೊದೆಸಿ, ಉಳಿದದ್ದನ್ನು ಕೊಟ್ಟಿಗೆಗೆ ಇಡಬಹುದು. ಮರದ ವಿಷಯದಲ್ಲಿ ಹಲಸು, ಮತ್ತಿ, ನಂದಿ ಮುಂತಾದವುಗಳ ಹಳೆಯ ತೊಲೆಗಳು ಹೊಸದಾಗಿ ಕಡಿದ ಹಸಿಮರಕ್ಕಿಂತ ಎಷ್ಟೋ ವಾಸಿ, ಏಕೆಂದರೆ ಅವು ಡೊಂಕಾಗುವುದಿದ್ದರೆ ಈಗಾಗಲೇ ಆಗಿರುತ್ತವೆ. ರೀಪಿಗೆ, ಮುಚ್ಚಿಗೆಗೆ ತೋಟದಲ್ಲೇ ಸಿಗುವ ಬಲಿತ ಅಡಿಕೆ ಮರದ ದಬ್ಬೆಯನ್ನು ಬಳಸಿ, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದರೆ ಹುಳುವಿನ ಕಾಟ ಕಡಿಮೆಯಾಗುತ್ತದೆ. ಈ ಎಣ್ಣೆ ಚರ್ಮವನ್ನು ಸುಡುವುದರಿಂದ ಕೈಗವಸು ಅವಶ್ಯಕ. ಬೆಳಕಿಗೆ ಪ್ರತಿ ಇಳಿಜಾರಿನಲ್ಲಿ ಒಂದೆರಡು ಗಾಜಿನ ಹೆಂಚು ಸಾಕು, ಹೆಚ್ಚಾದರೆ ಸೆಕೆ.

ಬಚ್ಚಲು ಮತ್ತು ಶೌಚಾಲಯ ಹಳೆಯ ಗೋಡೆಯಿಂದ ಆದಷ್ಟು ದೂರದ ಮೂಲೆಯಲ್ಲಿರಬೇಕು, ಕೊಳವೆಗಳು ಗೋಡೆಯೊಳಗೆ ಹುದುಗದೆ ಹೊರಗೆ ಕಾಣುವಂತಿರಬೇಕು. ಸೋರಿಕೆ ಕಣ್ಣಿಗೆ ಬಿದ್ದರೆ ಅಂದೇ ಸರಿಪಡಿಸಬಹುದು. ಸ್ನಾನದ ನೀರನ್ನು ಬಾಳೆಯ ಬುಡಕ್ಕೆ ಹರಿಸುವುದು ಎಲ್ಲರೂ ಬಲ್ಲ ಪದ್ಧತಿ. ಮಲಕ್ಕೆ ಎರಡು ಗುಂಡಿಗಳ ವ್ಯವಸ್ಥೆ ಸೂಕ್ತ: ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಒಂದೆರಡು ವರ್ಷ ಮುಚ್ಚಿಟ್ಟರೆ ಅದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಬಾವಿಯಿಂದ ಕನಿಷ್ಠ 10 ಮೀಟರ್ ದೂರವೆಂಬುದು ಸಾಮಾನ್ಯ ನಿಯಮವಾದರೂ, ಚಿರೆಕಲ್ಲಿನ ನೆಲದೊಳಗೆ ತೂತು-ಸುರಂಗಗಳಲ್ಲಿ ನೀರು ವೇಗವಾಗಿ ಹರಿಯುವುದರಿಂದ ಅಲ್ಲಿ ಇನ್ನೂ ದೂರಕ್ಕೆ, ಬಾವಿಗಿಂತ ತಗ್ಗಿನ ಬದಿಗೆ, ಗುಂಡಿ ತೆಗೆಯಬೇಕು. ಮಳೆಗಾಲದಲ್ಲಿ ಅಂತರ್ಜಲ ನೆಲಮಟ್ಟಕ್ಕೇ ಏರುವ ಕಡೆ ಈ ಗುಂಡಿ ಸಲ್ಲದು. ಹೊಸ ಮಾಡಿನ ನೀರಾದರೋ ಬಾವಿಯ ಆಸ್ತಿ: 60 ಚದರ ಮೀಟರ್ ಮಾಡಿನಿಂದ, 3,000 ಮಿಲಿಮೀಟರ್ ಮಳೆಗೆ, ಚೆಲ್ಲಿಹೋದದ್ದನ್ನು ಕಳೆದರೂ ಒಂದೂವರೆ ಲಕ್ಷ ಲೀಟರ್ ನೀರು ದೊರೆಯುತ್ತದೆ, ಮೊದಲ ಮಳೆಯ ಕೊಳೆಯನ್ನು ಹೊರಗೆ ಬಿಟ್ಟು ಉಳಿದದ್ದನ್ನು ಇಂಗುಗುಂಡಿಗೆ ಒಯ್ದರೆ ಬೇಸಿಗೆಯ ಬಾವಿಗೆ ಒತ್ತಾಸೆಯಾಗುತ್ತದೆ. ಸೌರ ಫಲಕವನ್ನು ಹಳೆಯ ಪಕಾಸುಗಳ ಮೇಲೆ ಹೊರಿಸದೆ ಕೊಟ್ಟಿಗೆಯ ಮಾಡಿಗೆ ಹಾಕುವುದು ಲೇಸು. ಮೋಡ ಮುಸುಕಿದ ತಿಂಗಳುಗಳ ಬಿಸಿನೀರಿಗೆ ಅಡಿಕೆ ಸಿಪ್ಪೆ ಉರಿಸುವ, ಹೊಗೆಕೊಳವೆಯುಳ್ಳ ಸುಧಾರಿತ ಬಚ್ಚಲೊಲೆ ಇರಲಿ.

ಅನುಮತಿಯ ವಿಷಯ ಚಿಕ್ಕದಾದರೂ ಮರೆಯತಕ್ಕದ್ದಲ್ಲ. ಕಟ್ಟಡಕ್ಕೆ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯಿತಿಯ ಪರವಾನಗಿ ಬೇಕು. ಮನೆ ಕೃಷಿ ಭೂಮಿಯ ಸರ್ವೆ ನಂಬರಿನಲ್ಲಿದ್ದರೆ ಕಂದಾಯ ಇಲಾಖೆಯಲ್ಲಿಯೂ ವಿಚಾರಿಸಬೇಕು. ಸ್ವಂತ ಹಿಡುವಳಿಯ ಮರವಾದರೂ ಕಡಿಯುವ ಮೊದಲು 1976ರ ಮರಗಳ ಸಂರಕ್ಷಣಾ ಅಧಿನಿಯಮದಡಿ ಅರಣ್ಯ ಇಲಾಖೆಯ ಒಪ್ಪಿಗೆ ಬೇಕೇ ಎಂದು ತಿಳಿದುಕೊಳ್ಳಬೇಕು.

ಕೆಲಸದ ಕಾಲವನ್ನು ತೋಟದ ಕಾಲದೊಡನೆ ಹೊಂದಿಸುವುದರಲ್ಲಿ ಜಾಣತನವಿದೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಆಳುಗಳೂ ಸಿಗುವುದಿಲ್ಲ, ಅಡಿಕೆ ಹರವಿದ ಅಂಗಳದಲ್ಲಿ ಇಟ್ಟಿಗೆ ಪೇರಿಸಲು ಜಾಗವೂ ಇರುವುದಿಲ್ಲ. ಮಳೆ ನಿಂತ ಕೂಡಲೇ ಅಡಿಪಾಯ ಮುಗಿಸಿದರೆ ಕೊಯ್ಲು ಮುಗಿಯುವಷ್ಟರಲ್ಲಿ ಅದು ಕೂತು ಗಟ್ಟಿಯಾಗುತ್ತದೆ. ಜನವರಿಯ ಕೊನೆಗೆ ಇಟ್ಟಿಗೆ ಒತ್ತಿ, ಮಾರ್ಚಿನಲ್ಲಿ ಗೋಡೆ ಎಬ್ಬಿಸಿ, ಏಪ್ರಿಲ್ ಮುಗಿಯುವುದರೊಳಗೆ ಹೆಂಚು ಹೊದೆಸಬೇಕು. ಹೊರಗೋಡೆಯ ಗಾರೆಗೆ ಆ ವರ್ಷವೇ ಅವಸರಪಡಬಾರದು. ಎರಡೂವರೆ ಅಡಿಯ ಸೂರಿನಡಿಯಲ್ಲಿ ಬರಿಯ ಇಟ್ಟಿಗೆ ಒಂದು ಮಳೆಗಾಲವನ್ನು ಕಳೆಯಬಲ್ಲದು, ಮತ್ತು ಆ ನಾಲ್ಕು ತಿಂಗಳಲ್ಲಿ ಸಂದಿನ ಪಟ್ಟಿ ಎಷ್ಟು ಸರಿಯಿತು, ಓಣಿಯ ಮಾಡಿನಲ್ಲಿ ನೀರು ಎಲ್ಲಿ ತಡೆಯಿತು, ಪಂಚಾಂಗದ ಬುಡಕ್ಕೆ ಸಿಡಿದ ಕೆಸರು ಎಷ್ಟೆತ್ತರ ಏರಿತು ಎಂಬುದೆಲ್ಲ ಬರಿಯ ಗೋಡೆಯ ಮೇಲೆ ನಿಚ್ಚಳವಾಗಿ ಕಾಣುತ್ತದೆ. ಅವನ್ನು ಸರಿಪಡಿಸಿ, ಅಕ್ಟೋಬರಿನಲ್ಲಿ ಗೋಡೆ ಆರಿದ ಮೇಲೆ, ಕೆಸರು ಸಿಡಿಯುವ ಎತ್ತರಕ್ಕೆ ಸುರ್ಕಿ ಗಾರೆಯನ್ನೂ ಅದರ ಮೇಲಕ್ಕೆ ಸುಣ್ಣದ ಗಾರೆಯನ್ನೂ ಹಳೆಯ ಮನೆ ಮತ್ತು ಹೊಸ ಅಂಕಣ ಎರಡಕ್ಕೂ ಒಟ್ಟಿಗೆ ಮಾಡಿಸಬಹುದು.